ಕಾಪಿಹೋಲ್ಡ್ ಜಮೀನನ್ನು ಮಾರುವಾಗ ಅದು ಮೊದಲು ಮ್ಯಾನರಿನ ಒಡೆಯನ ಕೈಗೆ ಹೋಗುತ್ತಿದ್ದುದೇಕೆ?

ಕಡತಪ್ರಿಯ (ಮೈಸೂರು)

ಸದಸ್ಯರೆಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಭೂಹಿಡುವಳಿ ಪದ್ಧತಿಯನ್ನು ಕುರಿತ ಪ್ರಬಂಧಕ್ಕಾಗಿ ಎಸೆಕ್ಸ್ ಪ್ರಾಂತ್ಯದ ಒಂದು ಮ್ಯಾನರಿನ, ಎಂದರೆ ಒಬ್ಬ ಒಡೆಯನ ಅಧೀನದಲ್ಲಿದ್ದ ಜಹಗೀರಿನಂಥ ಭೂಪ್ರದೇಶದ, 1760ರ ದಶಕದ ನ್ಯಾಯಸಭಾ ನಡಾವಳಿಗಳನ್ನು ಓದುತ್ತಿದ್ದೇನೆ. ಒಬ್ಬ ರೈತ ತನ್ನ ಮನೆಯನ್ನೂ ಅದಕ್ಕೆ ಹೊಂದಿದ ಹುಲ್ಲುಗಾವಲನ್ನೂ ಇನ್ನೊಬ್ಬನಿಗೆ ಮಾರಿದ್ದಾನೆ ಎಂಬುದರಲ್ಲಿ ಸಂಶಯವಿಲ್ಲ, ಏಕೆಂದರೆ ಹಣ ಸಂದಾಯವಾದ ಮಾತು ಒಂದು ಕಡೆ ಬರುತ್ತದೆ. ಆದರೆ ದಾಖಲೆಯ ಉಳಿದ ಭಾಗವೆಲ್ಲ ಬೇರೆಯದೇ ಕಥೆ ಹೇಳುತ್ತದೆ. ಮಾರಿದವನು ಜಮೀನನ್ನು ಕೊಂಡವನಿಗೆ ಕೊಡುವುದಿಲ್ಲ, ಮ್ಯಾನರಿನ ಒಡೆಯನ ಕೈಗೆ ಕೋಲಿನ ಮೂಲಕ ಒಪ್ಪಿಸುತ್ತಾನೆ. ಕೊಂಡವನು ಅದೇ ಸಭೆಯಲ್ಲಿ ಬಂದು ತನ್ನನ್ನು ಹಿಡುವಳಿದಾರನಾಗಿ ಸೇರಿಸಿಕೊಳ್ಳಬೇಕೆಂದು ಬೇಡುತ್ತಾನೆ, ಒಡೆಯನು ಅದೇ ಕೋಲಿನ ಮೂಲಕ ಅವನಿಗೆ ಸ್ವಾಧೀನ ಕೊಡುತ್ತಾನೆ, ಕೊಂಡವನು ಶುಲ್ಕ ತೆರುತ್ತಾನೆ. ಒಡೆಯನು ಈ ವ್ಯವಹಾರದಲ್ಲಿ ನಿಜವಾಗಿ ಏನು ಮಾಡುತ್ತಿದ್ದಾನೆ? ಅವನು ಬೇಡವೆಂದಿದ್ದರೆ ಮಾರಾಟ ನಿಂತುಹೋಗುತ್ತಿತ್ತೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ನಿವೃತ್ತ ವಕೀಲ (ಧಾರವಾಡ)

ಕಡತಪ್ರಿಯ ಅವರೇ, ನೀವು ಓದುತ್ತಿರುವುದು ಅಪರೂಪದ ದಾಖಲೆಯಲ್ಲ. ಇಂಗ್ಲೆಂಡಿನ ಸಾವಿರಾರು ಮ್ಯಾನರುಗಳಲ್ಲಿ ಶತಮಾನಗಳ ಕಾಲ ಜಮೀನು ಕೈಬದಲಾದದ್ದು ಹೀಗೆಯೇ.

ಕಾಪಿಹೋಲ್ಡ್ ಎಂದು ಕರೆಯುವ ಈ ಬಗೆಯ ಜಮೀನಿನ ಮೂಲ ಮಧ್ಯಯುಗದ ಜೀತದ ಹಿಡುವಳಿಯಲ್ಲಿದೆ. ಒಡೆಯನ ಹೊಲದಲ್ಲಿ ದುಡಿಯುವ ಕಟ್ಟುಪಾಡಿನ ಮೇಲೆ ಒಂದಿಷ್ಟು ನೆಲವನ್ನು ಉಳುತ್ತಿದ್ದವನಿಗೆ ಆ ನೆಲದ ಮೇಲೆ ರಾಜನ ನ್ಯಾಯಾಲಯಗಳು ಗುರುತಿಸುವಂಥ ಯಾವ ಹಕ್ಕೂ ಇರಲಿಲ್ಲ; ಪೂರ್ಣ ಒಡೆತನ ಮ್ಯಾನರಿನ ಒಡೆಯನಲ್ಲೇ ಇತ್ತು. ಹದಿನಾಲ್ಕು ಮತ್ತು ಹದಿನೈದನೆಯ ಶತಮಾನಗಳಲ್ಲಿ, 1348ರ ಮಹಾಮಾರಿಯ ನಂತರ ಉಳುವವರೇ ವಿರಳರಾದ ಕಾಲದಲ್ಲಿ, ಬಿಟ್ಟಿ ದುಡಿಮೆಯ ಬಾಧ್ಯತೆಗಳು ಕ್ರಮೇಣ ಹಣದ ಗೇಣಿಗೆ ತಿರುಗಿದವು. ಆದರೆ ಕಾನೂನಿನ ಚೌಕಟ್ಟು ಹಾಗೆಯೇ ಉಳಿಯಿತು. ಆದ್ದರಿಂದಲೇ ನಿಮ್ಮ 1760ರ ದಶಕದ ದಾಖಲೆಯಲ್ಲಿಯೂ ‘ಒಡೆಯನ ಇಚ್ಛೆಯಂತೆ, ಮ್ಯಾನರಿನ ರೂಢಿಗನುಸಾರವಾಗಿ’ ಎಂಬ ಸೂತ್ರ ತಪ್ಪದೆ ಬರುತ್ತದೆ. ಆ ಸೂತ್ರದ ಮೊದಲ ಅರ್ಧ ಹಳೆಯ ಜೀತದ ಗುರುತು. ಎರಡನೆಯ ಅರ್ಧವೇ ಕಾಲಾಂತರದಲ್ಲಿ ಮೊದಲರ್ಧವನ್ನು ನುಂಗಿಹಾಕಿತು.

ಈಗ ವರ್ಗಾವಣೆಯ ವಿಚಾರ. ಪೂರ್ಣ ಒಡೆತನವೇ ಇಲ್ಲದವನು ಇನ್ನೊಬ್ಬನಿಗೆ ಕ್ರಯಪತ್ರ ಬರೆದುಕೊಡಲು ಬರುವುದಿಲ್ಲ. ಅವನು ಮಾಡಬಹುದಾದದ್ದು ಒಂದೇ: ಇಂಥವನ ಉಪಯೋಗಕ್ಕಾಗಿ ಎಂದು ಹೇಳಿ ತನ್ನ ಹಿಡುವಳಿಯನ್ನು ಒಡೆಯನಿಗೆ ಮರಳಿ ಒಪ್ಪಿಸುವುದು. ಸಭೆಯಲ್ಲಿ ಒಡೆಯನ ಪರವಾಗಿ ಕುಳಿತಿರುತ್ತಿದ್ದವನು ಸ್ಟೂವರ್ಡ್. ಹದಿನೆಂಟನೆಯ ಶತಮಾನದಲ್ಲಿ ಸಾಮಾನ್ಯವಾಗಿ ಹತ್ತಿರದ ಪಟ್ಟಣದ ವಕೀಲನೊಬ್ಬ ಈ ಕೆಲಸ ಮಾಡುತ್ತಿದ್ದ. ಮಾರುವವನು ಕೋಲಿನ ಒಂದು ತುದಿಯನ್ನು ಹಿಡಿದು ಸ್ಟೂವರ್ಡನಿಗೆ ಕೊಡುತ್ತಾನೆ. ಕೆಲವು ಮ್ಯಾನರುಗಳಲ್ಲಿ ಕೋಲಿನ ಬದಲು ಕೈಗವಸು, ಇನ್ನು ಕೆಲವೆಡೆ ಹುಲ್ಲಿನ ಕಡ್ಡಿ. ಬಳಿಕ ಸ್ಟೂವರ್ಡನು ಅದನ್ನೇ ಕೊಂಡವನ ಕೈಗಿತ್ತು ಅವನನ್ನು ಹಿಡುವಳಿದಾರನನ್ನಾಗಿ ಸೇರಿಸಿಕೊಳ್ಳುತ್ತಾನೆ. ಕೊಂಡವನು ಪ್ರವೇಶ ಶುಲ್ಕ ತೆತ್ತು ನಿಷ್ಠೆಯ ಪ್ರಮಾಣ ಮಾಡಬೇಕು. ಪ್ರಮಾಣವನ್ನು ‘ಸದ್ಯಕ್ಕೆ ಮುಂದೂಡಲಾಗಿದೆ’ ಎಂದು ಬರೆದು ಎಂದೆಂದಿಗೂ ಮುಂದೂಡುವುದೇ ವಾಡಿಕೆಯಾಗಿತ್ತು. ಇಷ್ಟೆಲ್ಲ ನಡೆದುದನ್ನು ನ್ಯಾಯಸಭೆಯ ಸುರುಳಿಯಲ್ಲಿ ದಾಖಲಿಸಿ, ಆ ದಾಖಲೆಯ ನಕಲನ್ನು ಸ್ಟೂವರ್ಡನ ಸಹಿಯೊಂದಿಗೆ ಕೊಂಡವನಿಗೆ ಕೊಡುತ್ತಿದ್ದರು. ಹಿಡುವಳಿಯ ಹೆಸರಿನಲ್ಲಿರುವ ‘ಕಾಪಿ’ ಅದೇ.

ಒಡೆಯನು ಬೇಡವೆನ್ನಬಹುದಿತ್ತೇ ಎಂದು ಕೇಳಿದ್ದೀರಿ. ನಿಮ್ಮ ದಾಖಲೆಯ ಕಾಲಕ್ಕೆ ಖಂಡಿತ ಇಲ್ಲ. ಒಪ್ಪಿಸುವಿಕೆಯಲ್ಲಿ ಯಾರ ಹೆಸರಿದೆಯೋ ಅವರನ್ನೇ, ಎಷ್ಟು ಹಕ್ಕನ್ನು ಹೇಳಿದೆಯೋ ಅಷ್ಟಕ್ಕೇ ಅವನು ಸೇರಿಸಿಕೊಳ್ಳಬೇಕಿತ್ತು. ಹಟ ಹಿಡಿದರೆ ರಾಜನ ಪೀಠದ ನ್ಯಾಯಾಲಯವು ಆಜ್ಞಾಪತ್ರ ಹೊರಡಿಸಿ ಕಡ್ಡಾಯ ಮಾಡುತ್ತಿತ್ತು. ಇನ್ನೂ ಸ್ವಾರಸ್ಯದ ಮಾತೆಂದರೆ, ಮ್ಯಾನರನ್ನು ಅಕ್ರಮವಾಗಿ ಆಕ್ರಮಿಸಿಕೊಂಡ ಒಡೆಯನೊಬ್ಬನು ಹೀಗೆ ಒಬ್ಬನನ್ನು ಸೇರಿಸಿಕೊಂಡರೂ ಆ ಪ್ರವೇಶ ಊರ್ಜಿತವೇ ಆಗುತ್ತಿತ್ತು. ಏಕೆಂದರೆ ಒಪ್ಪಿಸಿದ ಜಮೀನಿನ ಮಟ್ಟಿಗೆ ಒಡೆಯನು ದಾನಿಯಲ್ಲ, ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹಾದುಹೋಗುವ ದಾರಿ ಮಾತ್ರ ಎಂದು ನ್ಯಾಯಾಧೀಶರು ತೀರ್ಮಾನಿಸಿದ್ದರು.

ಕಡತಪ್ರಿಯ (ಮೈಸೂರು)

ಬಹಳ ಉಪಕಾರವಾಯಿತು ಸರ್. ಹಾಗಿದ್ದರೆ ಇದನ್ನು ನಮ್ಮಲ್ಲಿಯ ಖಾತೆ ಬದಲಾವಣೆಗೆ ಹೋಲಿಸಬಹುದೇ? ಇನ್ನೊಂದು ಸಂದೇಹವೂ ಇದೆ. ಕೆಲವು ನಮೂದುಗಳಲ್ಲಿ ಒಪ್ಪಿಸುವಿಕೆ ಸಭೆ ಸೇರುವ ಐದಾರು ತಿಂಗಳ ಮೊದಲೇ, ಸಭೆಯ ಹೊರಗೆ ನಡೆದಿದೆ. ನಡುವಿನ ಆ ಕಾಲದಲ್ಲಿ ಜಮೀನು ಯಾರದು?

ನಿವೃತ್ತ ವಕೀಲ (ಧಾರವಾಡ)

ಖಾತೆಗೆ ಹೋಲಿಸಬೇಡಿ. ನಮ್ಮಲ್ಲಿ ಕಂದಾಯ ದಾಖಲೆಯ ನಮೂದು ಹಕ್ಕನ್ನು ಹುಟ್ಟಿಸುವುದಿಲ್ಲ. ಕ್ರಯಪತ್ರದಿಂದಲೋ ವಾರಸಿನಿಂದಲೋ ಮೊದಲೇ ಬಂದ ಹಕ್ಕನ್ನು ತೆರಿಗೆಯ ಸಲುವಾಗಿ ಗುರುತು ಮಾಡಿಕೊಳ್ಳುತ್ತದೆ, ಅಷ್ಟೇ. ಮ್ಯಾನರಿನಲ್ಲಿ ಪ್ರವೇಶವಾಗುವವರೆಗೆ ಕೊಂಡವನಿಗೆ ಕಾನೂನಿನ ದೃಷ್ಟಿಯಲ್ಲಿ ಜಮೀನಿನ ಮೇಲೆ ಹಕ್ಕೇ ಇರಲಿಲ್ಲ. ನಡುವಿನ ಕಾಲದಲ್ಲಿ ಹಿಡುವಳಿ ಮಾರಿದವನಲ್ಲೇ ನಿಂತಿರುತ್ತಿತ್ತು. ಆದರೆ ಪ್ರವೇಶ ದೊರೆತ ಕೂಡಲೇ ಅದು ಒಪ್ಪಿಸಿದ ದಿನದಿಂದಲೇ ಜಾರಿಗೆ ಬಂದಂತೆ ಎಣಿಸಲಾಗುತ್ತಿತ್ತು, ಆದುದರಿಂದ ನಡುವೆ ಮಾರಿದವನು ಬೇರೊಬ್ಬನಿಗೆ ಕೊಟ್ಟು ಮೋಸ ಮಾಡಲು ಅವಕಾಶವಿರಲಿಲ್ಲ. ವಾರಸುದಾರನ ಸ್ಥಿತಿ ಬೇರೆ. ತಂದೆ ಸತ್ತೊಡನೆ, ಪ್ರವೇಶಕ್ಕೂ ಮೊದಲೇ, ಒಡೆಯನೊಬ್ಬನನ್ನು ಬಿಟ್ಟು ಉಳಿದೆಲ್ಲರ ಎದುರಿಗೂ ಅವನು ಹಿಡುವಳಿದಾರನೇ. ಅತಿಕ್ರಮಣ ಮಾಡಿದವರ ಮೇಲೆ ದಾವೆ ಹೂಡಬಹುದಿತ್ತು.

ಆದರೆ ವಾರಸುದಾರನು ಸುಮ್ಮನೆ ಕೂರುವಂತಿರಲಿಲ್ಲ. ಹಿಡುವಳಿದಾರನ ಸಾವು ಸಭೆಗೆ ವರದಿಯಾದ ಮೇಲೆ ಮೂರು ಅನುಕ್ರಮ ಸಭೆಗಳಲ್ಲಿ ‘ಹಕ್ಕುಳ್ಳವರು ಬಂದು ಪ್ರವೇಶ ಪಡೆಯಿರಿ’ ಎಂದು ಕೂಗಿ ಸಾರುತ್ತಿದ್ದರು. ಮೂರನೆಯ ಸಾರಿಕೆಯ ಬಳಿಕವೂ ಯಾರೂ ಬಾರದಿದ್ದರೆ, ಬರುವವರೆಗೂ ಎಂಬ ಷರತ್ತಿನ ಮೇಲೆ ಒಡೆಯನು ಜಮೀನನ್ನು ವಶಕ್ಕೆ ತೆಗೆದುಕೊಳ್ಳಬಹುದಿತ್ತು. ಅಪ್ರಾಪ್ತ ವಯಸ್ಕರು ಮತ್ತು ವಿವಾಹಿತ ಸ್ತ್ರೀಯರು ಇದರಿಂದ ಜಮೀನನ್ನೇ ಕಳೆದುಕೊಳ್ಳದಂತೆ 1722ರ ಕಾಯಿದೆಯೊಂದು ರಕ್ಷಣೆ ಕೊಟ್ಟಿತು.

ಲೀಡ್ಸ್ ಕನ್ನಡತಿ

ಸಭೆಯ ಹೊರಗಿನ ಒಪ್ಪಿಸುವಿಕೆಯ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಇಲ್ಲಿನ ಪತ್ರಾಗಾರದಲ್ಲಿ ಸ್ವಯಂಸೇವಕಿಯಾಗಿ ಇಂಥ ಕಾಗದಗಳನ್ನು ಸಾಕಷ್ಟು ಕೈಯಲ್ಲಿ ಹಿಡಿದಿದ್ದೇನೆ. ಸಭೆ ವರ್ಷಕ್ಕೆ ಒಂದೋ ಎರಡೋ ಬಾರಿ ಮಾತ್ರ ಸೇರುತ್ತಿದ್ದುದರಿಂದ, ಅಷ್ಟು ಕಾಲ ಕಾಯಲಾಗದವರು ಸ್ಟೂವರ್ಡನ ಎದುರು ಅಥವಾ, ರೂಢಿ ಇರುವ ಮ್ಯಾನರುಗಳಲ್ಲಿ, ಅದೇ ಮ್ಯಾನರಿನ ಇಬ್ಬರು ಹಿಡುವಳಿದಾರರ ಕೈಗೆ ಒಪ್ಪಿಸುತ್ತಿದ್ದರು. ಸಾವಿನ ಹಾಸಿಗೆಯಲ್ಲಿದ್ದವರಿಗೆ ಇದು ಬಹಳ ಅನುಕೂಲ. ಮುಂದಿನ ಸಭೆಯಲ್ಲಿ ಹಿಡುವಳಿದಾರರ ಜ್ಯೂರಿಯು ಪ್ರಮಾಣಪೂರ್ವಕವಾಗಿ ಆ ಸಂಗತಿಯನ್ನು ವರದಿ ಮಾಡಬೇಕಿತ್ತು. ರೂಢಿ ಗೊತ್ತುಪಡಿಸಿದ ಅವಧಿಯೊಳಗೆ ವರದಿಯಾಗದ ಒಪ್ಪಿಸುವಿಕೆ ನಿರರ್ಥಕವಾಗುತ್ತಿತ್ತು. ಅವಸರವಿದ್ದು ಹಣವೂ ಇದ್ದವರು ತಮ್ಮ ಖರ್ಚಿನಲ್ಲಿ ವಿಶೇಷ ಸಭೆಯನ್ನೇ ಕರೆಸಿಕೊಳ್ಳಬಹುದಿತ್ತು.

ಕಡತಪ್ರಿಯ ಅವರು ಹಿಂದಿನ ವರ್ಷಗಳ ಸುರುಳಿಗಳಿಗೆ ಹೋಗುವವರಿದ್ದರೆ ಎರಡು ಎಚ್ಚರಿಕೆಗಳು. 1733ಕ್ಕಿಂತ ಹಿಂದಿನವು ಸಾಮಾನ್ಯವಾಗಿ ಲ್ಯಾಟಿನ್‌ನಲ್ಲಿವೆ, ಅದೂ ಸಂಕ್ಷೇಪಾಕ್ಷರಗಳಿಂದ ತುಂಬಿದ ಲ್ಯಾಟಿನ್. ರಾಜನಿಲ್ಲದ 1650ರ ದಶಕದ ಸುರುಳಿಗಳು ಮಾತ್ರ ಇಂಗ್ಲಿಷಿನಲ್ಲಿವೆ. ಹಾಗೆಯೇ 1752ಕ್ಕೆ ಮುಂಚೆ ವರ್ಷವು ಮಾರ್ಚ್ 25ರಂದು ಆರಂಭವಾಗುತ್ತಿತ್ತು, ಆದ್ದರಿಂದ ಸುರುಳಿಯಲ್ಲಿ 1700ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1701. ಲ್ಯಾಟಿನ್ ಗಾಬರಿ ಹುಟ್ಟಿಸಬೇಕಾಗಿಲ್ಲ. ಸೂತ್ರಗಳು ಶತಮಾನಗಳ ಕಾಲ ಬದಲಾಗದಿರುವುದರಿಂದ 1760ರ ಇಂಗ್ಲಿಷ್ ನಮೂದನ್ನು ಪಕ್ಕದಲ್ಲಿಟ್ಟುಕೊಂಡು 1560ರ ನಮೂದನ್ನು ಬಿಡಿಸಬಹುದು. ನಮ್ಮ ಊರಿನ ವಿಶ್ವವಿದ್ಯಾಲಯದಲ್ಲಿರುವ ವೇಕ್‌ಫೀಲ್ಡ್ ಮ್ಯಾನರಿನ ಸುರುಳಿಗಳು 1274ರಿಂದ 1925ರವರೆಗೆ ಹರಡಿಕೊಂಡಿವೆ. ಅವುಗಳ ಎದುರು ಕುಳಿತರೆ ಈ ಸೂತ್ರಗಳ ಆಯುಸ್ಸು ಎಷ್ಟೆಂಬುದು ತಿಳಿಯುತ್ತದೆ.

ಗೇಣಿದಾರನ ಮೊಮ್ಮಗ (ಪುತ್ತೂರು)

ಚರ್ಚೆ ಚೆನ್ನಾಗಿದೆ, ಆದರೆ ಎಲ್ಲರೂ ಕೋಲು, ಕೈಗವಸುಗಳ ಸೊಬಗಿನಲ್ಲಿ ಮುಳುಗಿದಂತೆ ಕಾಣುತ್ತದೆ. ಇದು ಹಣ ಕೀಳುವ ಯಂತ್ರವಾಗಿರಲಿಲ್ಲವೇ? ಮಾರಿದಾಗ ಶುಲ್ಕ, ಸತ್ತಾಗ ಶುಲ್ಕ, ಸ್ಟೂವರ್ಡನ ಬರಹಕ್ಕೆ ಬೇರೆ ಶುಲ್ಕ. ಸತ್ತವನ ಕೊಟ್ಟಿಗೆಯಲ್ಲಿ ಇದ್ದುದರಲ್ಲೇ ಒಳ್ಳೆಯ ದನವನ್ನು ಹೆರಿಯಟ್ ಎಂಬ ಹೆಸರಿನಲ್ಲಿ ಒಡೆಯನು ಹೊಡೆದುಕೊಂಡು ಹೋಗುತ್ತಿದ್ದ. ದುಃಖದಲ್ಲಿರುವ ಮನೆಯಿಂದ ಹಸು ಬಿಚ್ಚಿಕೊಂಡು ಹೋಗುವ ಪದ್ಧತಿಯನ್ನು ‘ಹಕ್ಕು ಹಾದುಹೋಗುವ ದಾರಿ’ ಎಂದು ಕರೆಯುವುದು ನನಗೆ ಕಷ್ಟ. ತನ್ನ ಹೊಲದ ಮರ ಕಡಿಯುವ ಹಕ್ಕೂ ಅವನಿಗಿರಲಿಲ್ಲ, ಅಪ್ಪಣೆಯಿಲ್ಲದೆ ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗೇಣಿಗೆ ಕೊಟ್ಟರೆ ಜಮೀನೇ ಮುಟ್ಟುಗೋಲಾಗುತ್ತಿತ್ತು.

ನಿವೃತ್ತ ವಕೀಲ (ಧಾರವಾಡ)

ನೀವು ಹೇಳಿದ ಬಾಧ್ಯತೆಗಳೆಲ್ಲ ನಿಜವೇ, ಎಲ್ಲ ಮ್ಯಾನರುಗಳಲ್ಲಿ ಒಂದೇ ರೀತಿ ಇರಲಿಲ್ಲ ಎಂಬುದಷ್ಟೇ ನನ್ನ ತಿದ್ದುಪಡಿ. ಶುಲ್ಕದಲ್ಲಿ ಎರಡು ಬಗೆ ಇತ್ತು. ಕೆಲವೆಡೆ ರೂಢಿಯಿಂದ ಗೊತ್ತಾದ ಮೊತ್ತ. ನೂರಾರು ವರ್ಷ ಅದೇ ಮೊತ್ತ, ಹಣದ ಬೆಲೆ ಇಳಿದಂತೆ ಅದು ಲೆಕ್ಕಕ್ಕೇ ಬಾರದಷ್ಟು ಸಣ್ಣದಾಯಿತು. ಉಳಿದೆಡೆ ಒಡೆಯನು ನಿಗದಿ ಮಾಡುವ ಮೊತ್ತ. ಅದು ನ್ಯಾಯಸಮ್ಮತವಾಗಿರಬೇಕೆಂದು ರಾಜನ ನ್ಯಾಯಾಲಯಗಳು ಬಹುಕಾಲದಿಂದ ಹೇಳುತ್ತ ಬಂದಿದ್ದವು. ಕೊನೆಗೆ 1781ರ ಗ್ರಾಂಟ್ ವಿರುದ್ಧ ಆಸ್ಲ್ ಮೊಕದ್ದಮೆಯಲ್ಲಿ ಜಮೀನಿನ ಎರಡು ವರ್ಷಗಳ ವಾಸ್ತವಿಕ ಉತ್ಪತ್ತಿಯ ಮೌಲ್ಯವೇ ಮೇಲ್ಮಿತಿ ಎಂಬುದು ಖಚಿತವಾಯಿತು.

ಹಿಡುವಳಿದಾರರೂ ಕೈಕಟ್ಟಿ ಕುಳಿತಿರಲಿಲ್ಲ. ಒಡೆಯನ ಕಣ್ಣಿಗೆ ಸುರುಳಿಯಲ್ಲಿ ಹೆಸರಿರುವವನು ಮಾತ್ರ ಹಿಡುವಳಿದಾರ. ಅವನು ಯಾರ ಹಿತಕ್ಕಾಗಿ ಹಿಡಿದಿದ್ದಾನೆ ಎಂಬುದು ಒಡೆಯನಿಗೆ ಸಂಬಂಧಿಸಿದ್ದಲ್ಲ. ಆದ್ದರಿಂದ ಜಮೀನನ್ನು ಟ್ರಸ್ಟಿಗಳ ಹೆಸರಿನಲ್ಲಿಟ್ಟರೆ ನಿಜವಾದ ಅನುಭೋಗದಾರ ಸತ್ತಾಗ ಯಾವ ಶುಲ್ಕವೂ ಹುಟ್ಟುತ್ತಿರಲಿಲ್ಲ. ಇನ್ನೊಂದು ಚಮತ್ಕಾರ ಉಯಿಲಿನದು. ‘ನನ್ನ ಕಾರ್ಯನಿರ್ವಾಹಕರಿಗೆ ಜಮೀನನ್ನು ಕೊಡುತ್ತೇನೆ, ಅವರು ಮಾರಲಿ’ ಎಂದು ಬರೆದರೆ ಅವರು ಒಮ್ಮೆ, ಕೊಂಡವನು ಮತ್ತೊಮ್ಮೆ, ಹೀಗೆ ಎರಡು ಪ್ರವೇಶ ಶುಲ್ಕಗಳು. ಅದರ ಬದಲು ‘ನನ್ನ ಕಾರ್ಯನಿರ್ವಾಹಕರು ಜಮೀನನ್ನು ಮಾರಲಿ’ ಎಂದಷ್ಟೇ ಬರೆದರೆ ಅವರಿಗೆ ಬಂದದ್ದು ಮಾರುವ ಅಧಿಕಾರ ಮಾತ್ರ, ಜಮೀನಲ್ಲ. ಕೊಂಡವನು ನೇರವಾಗಿ ಬಂದು ಒಂದೇ ಶುಲ್ಕ ತೆರುತ್ತಿದ್ದ. ಒಂದೆರಡು ಪದ ಕಡಿಮೆ ಬರೆದು ಎರಡು ವರ್ಷಗಳ ಉತ್ಪತ್ತಿ ಉಳಿಸುವ ವಕೀಲನಿಗೆ ಊರಿನಲ್ಲಿ ಎಷ್ಟು ಗೌರವವಿದ್ದಿರಬಹುದು ಎಂದು ಯೋಚಿಸಿ.

ನನ್ನ ನಿಲುವು ಇಷ್ಟು: ಸುರುಳಿಯನ್ನು ಬರೆಸಿದ್ದು ಒಡೆಯನು, ತನ್ನ ಆದಾಯ ತಪ್ಪಿಹೋಗದಿರಲೆಂದು. ಆದರೆ ಬರೆದಿಟ್ಟ ದಾಖಲೆ ಇಬ್ಬರನ್ನೂ ಕಟ್ಟುತ್ತದೆ. ಹಿಡುವಳಿದಾರನ ಪೆಟ್ಟಿಗೆಯಲ್ಲಿದ್ದ ನಕಲು, ಅದರ ಮೂಲ ಒಡೆಯನದೇ ಸುರುಳಿಯಲ್ಲಿರುವ ಕಾರಣದಿಂದ, ಒಡೆಯನ ವಿರುದ್ಧವೇ ಪ್ರಬಲ ಸಾಕ್ಷ್ಯವಾಯಿತು. 1467ರಲ್ಲಿ ಡ್ಯಾನ್‌ಬಿ, 1481ರಲ್ಲಿ ಬ್ರಯನ್ ಎಂಬ ಮುಖ್ಯ ನ್ಯಾಯಾಧೀಶರು, ತನ್ನ ಸೇವೆಗಳನ್ನು ಸಲ್ಲಿಸುತ್ತಿರುವ ಹಿಡುವಳಿದಾರನನ್ನು ಹೊರಹಾಕಿದರೆ ಅವನು ಒಡೆಯನ ಮೇಲೆಯೇ ಅತಿಕ್ರಮಣದ ದಾವೆ ಹೂಡಬಹುದು ಎಂಬ ಅಭಿಪ್ರಾಯ ಕೊಟ್ಟರು. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಆ ರಕ್ಷಣೆ ಗಟ್ಟಿಯಾಗಿತ್ತು.

ಗೇಣಿದಾರನ ಮೊಮ್ಮಗ (ಪುತ್ತೂರು)

ಹಕ್ಕು ವಂಶಪಾರಂಪರ್ಯವಾಗಿದ್ದ ಕಡೆ ನಿಮ್ಮ ಮಾತು ಸರಿ. ಆದರೆ ಇಂಗ್ಲೆಂಡಿನ ಪಶ್ಚಿಮ ಭಾಗದ ಮ್ಯಾನರುಗಳಲ್ಲಿ ಹಿಡುವಳಿ ಸಿಗುತ್ತಿದ್ದುದು ಮೂವರ ಜೀವಿತಾವಧಿಗೆ ಮಾತ್ರ. ಮೂವರೂ ಸತ್ತ ಮೇಲೆ ಮಗನಿಗೆ ಮರಳಿ ಕೊಡಲೇಬೇಕೆಂಬ ಕಟ್ಟುಪಾಡು ಎಲ್ಲ ಕಡೆಯೂ ಇರಲಿಲ್ಲ. ಹದಿನಾರನೆಯ ಶತಮಾನದಲ್ಲಿ ಧಾನ್ಯದ ಬೆಲೆ ಏರುತ್ತಿದ್ದಾಗ ಒಡೆಯರು ಅಂಥ ಜಮೀನುಗಳ ಶುಲ್ಕವನ್ನು ಏರಿಸಿ, ಕೊಡಲಾರದವರನ್ನು ಹೊರಗಟ್ಟಿದ ನಿದರ್ಶನಗಳಿವೆ. ಅವರ ಪಾಲಿಗೆ 1781ರ ತೀರ್ಪು ಇನ್ನೂರು ವರ್ಷ ತಡವಾಗಿ ಬಂತು. ಪೆಟ್ಟಿಗೆಯಲ್ಲಿ ನಕಲು ಇದ್ದವನನ್ನು ಕಾಗದ ಕಾಪಾಡಿತು ಎನ್ನುವಾಗ, ಆ ಕಾಗದದ ಅವಧಿ ಮುಗಿದವನ ಗತಿಯನ್ನೂ ಬರೆಯಬೇಕು.

ನಿವೃತ್ತ ವಕೀಲ (ಧಾರವಾಡ)

ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಡತಪ್ರಿಯ ಅವರು ತಮ್ಮ ಮ್ಯಾನರು ಯಾವ ಬಗೆಯದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ‘ಅವನಿಗೂ ಅವನ ವಾರಸುದಾರರಿಗೂ’ ಎಂಬ ಮಾತು ನಮೂದಿನಲ್ಲಿದ್ದರೆ ಅದು ವಂಶಪಾರಂಪರ್ಯದ ಹಿಡುವಳಿ. ಎಸೆಕ್ಸ್‌ನಲ್ಲಿ ಸಾಮಾನ್ಯವಾಗಿ ಅದೇ ಸಿಗುತ್ತದೆ. ವಾರಸುದಾರ ಯಾರೆಂಬುದೂ ರೂಢಿಯಿಂದಲೇ ನಿರ್ಧಾರವಾಗುತ್ತಿತ್ತು. ಕೆಲವು ಮ್ಯಾನರುಗಳಲ್ಲಿ ಹಿರಿಯ ಮಗನಲ್ಲ, ಕಿರಿಯ ಮಗನೇ ಉತ್ತರಾಧಿಕಾರಿ.

ಲೀಡ್ಸ್ ಕನ್ನಡತಿ

ಇಷ್ಟು ಹೊತ್ತು ಗಂಡಸರ ಜಮೀನಿನ ಮಾತಾಯಿತು. ಈ ಸುರುಳಿಗಳಲ್ಲಿ ಹೆಂಗಸರ ದನಿ ಅಪರೂಪಕ್ಕೆ ಕೇಳಿಸುವ ಜಾಗವೊಂದಿದೆ. ವಿವಾಹಿತೆಯ ಹೆಸರಿನಲ್ಲಿದ್ದ ಕಾಪಿಹೋಲ್ಡನ್ನು ಮಾರುವಾಗ ಗಂಡ ಹೆಂಡತಿ ಇಬ್ಬರೂ ಒಪ್ಪಿಸಬೇಕಿತ್ತು, ಆದರೆ ಅದಕ್ಕೆ ಮುಂಚೆ ಸ್ಟೂವರ್ಡನು ಹೆಂಡತಿಯನ್ನು ಗಂಡನಿಂದ ಬೇರೆಯಾಗಿ, ಏಕಾಂತದಲ್ಲಿ ವಿಚಾರಿಸಿ, ಅವಳು ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದಾಳೆಂದು ಖಚಿತಪಡಿಸಿಕೊಂಡು ಅದನ್ನು ಸುರುಳಿಯಲ್ಲಿ ಬರೆಯಬೇಕಿತ್ತು. ಆ ವಿಚಾರಣೆ ಎಷ್ಟರ ಮಟ್ಟಿಗೆ ಪ್ರಾಮಾಣಿಕವಾಗಿ ನಡೆಯುತ್ತಿತ್ತು ಎಂಬುದನ್ನು ಸೂತ್ರದ ಭಾಷೆ ಬಿಟ್ಟುಕೊಡುವುದಿಲ್ಲ. ಆದರೂ ಕಡತಪ್ರಿಯ ಅವರೇ, ಒಪ್ಪಿಸಿದವರಲ್ಲಿ ಹೆಂಡತಿಯೂ ಸೇರಿದ್ದು ಅವಳನ್ನು ಹೀಗೆ ವಿಚಾರಿಸಿದ ಮಾತು ಬಂದರೆ, ಜಮೀನು ಅವಳ ತವರಿನಿಂದ ಬಂದಿರಬಹುದು ಎಂದು ಹಿಂದಿನ ಸುರುಳಿಗಳಲ್ಲಿ ಅವಳ ತಂದೆಯ ಹೆಸರನ್ನು ಹುಡುಕಿ ನೋಡಿ. ವಿಧವೆಗೆ ಗಂಡನ ಹಿಡುವಳಿಯಲ್ಲಿ ರೂಢಿಯ ಪ್ರಕಾರ ಸಿಗುತ್ತಿದ್ದ ಪಾಲು ಬೇರೆ ವಿಷಯ. ಕೆಲವೆಡೆ ಮೂರನೆಯ ಒಂದು ಭಾಗ, ಕೆಲವೆಡೆ ಪೂರ್ತಿ. ಮರುಮದುವೆಯಾದರೆ ಅದು ಕೈತಪ್ಪುವ ರೂಢಿಯೂ ಅನೇಕ ಕಡೆ ಇತ್ತು.

ಹೊಸಮನೆ (ಹರ್ಟ್‌ಫರ್ಡ್‌ಶೈರ್)

ನಾನು ಇತಿಹಾಸದ ವಿದ್ಯಾರ್ಥಿಯಲ್ಲ, ಆದರೆ ಈ ಚರ್ಚೆಯನ್ನು ಓದಿ ಬೆಚ್ಚಿಬಿದ್ದೆ. ನಾವು ಇಲ್ಲಿ ಕೊಂಡ ಮನೆಯ ನೋಂದಣಿ ದಾಖಲೆಯಲ್ಲಿ, ಈ ನೆಲ ಹಿಂದೆ ಕಾಪಿಹೋಲ್ಡ್ ಆಗಿದ್ದು ಒಡೆಯನ ಖನಿಜದ ಹಕ್ಕುಗಳು ಕಾಯ್ದಿರಿಸಲ್ಪಟ್ಟಿವೆ ಎಂಬ ಸಾಲಿದೆ. ವ್ಯವಹಾರ ಮಾಡಿಸಿದವರು ಅದು ಹಳೆಯ ಸಂಗತಿ, ತಲೆ ಕೆಡಿಸಿಕೊಳ್ಳಬೇಡಿ ಎಂದಿದ್ದರು. ನಾಳೆ ಯಾರಾದರೂ ಬಂದು ನಮ್ಮ ಹಿತ್ತಲನ್ನು ಅಗೆಯಬಹುದೇ?

ನಿವೃತ್ತ ವಕೀಲ (ಧಾರವಾಡ)

ಹೊಸಮನೆಯವರೇ, ಗಾಬರಿ ಬೇಡ. ಆದರೆ ಅದು ಸತ್ತ ಸಾಲೂ ಅಲ್ಲ. 1841ರಿಂದ ಸಂಸತ್ತು ಒಂದರ ಮೇಲೊಂದು ಕಾಯಿದೆ ಮಾಡಿ, ಪರಿಹಾರ ಕೊಟ್ಟು ಕಾಪಿಹೋಲ್ಡನ್ನು ಪೂರ್ಣ ಒಡೆತನಕ್ಕೆ ಪರಿವರ್ತಿಸಿಕೊಳ್ಳುವ ದಾರಿ ತೆರೆಯಿತು. ಮೊದಲು ಇಬ್ಬರ ಒಪ್ಪಿಗೆ ಬೇಕಿತ್ತು. 1852ರ ಕಾಯಿದೆಯ ಬಳಿಕ ಒಬ್ಬರು ಕೇಳಿದರೆ ಇನ್ನೊಬ್ಬರು ಒಪ್ಪಲೇಬೇಕಾದ ಸಂದರ್ಭಗಳು ಬಂದವು. ಅದೇ 1841ರ ಕಾಯಿದೆಯಿಂದ ಒಬ್ಬ ಹಿಡುವಳಿದಾರನೂ ಹಾಜರಿಲ್ಲದೆ ಸಭೆ ನಡೆಸಬಹುದಾಯಿತು, ಸಭೆಯ ಹೊರಗೇ ಪ್ರವೇಶ ಕೊಡಬಹುದಾಯಿತು. ಅಲ್ಲಿಂದ ಮುಂದೆ ಈ ನ್ಯಾಯಸಭೆಯು ಬಹುಮಟ್ಟಿಗೆ ವಕೀಲರ ಕಚೇರಿಯ ಒಂದು ದಪ್ಪ ಪುಸ್ತಕವಾಗಿ ಉಳಿಯಿತು. ಕೊನೆಗೆ 1922ರ ಆಸ್ತಿ ಕಾನೂನಿನ ಮೂಲಕ 1926ರ ಜನವರಿ 1ರಂದು ಉಳಿದ ಕಾಪಿಹೋಲ್ಡ್ ಎಲ್ಲವೂ ಒಮ್ಮೆಲೇ ರದ್ದಾಯಿತು. ಪ್ರವೇಶ ಶುಲ್ಕ, ಹೆರಿಯಟ್ ಮುಂತಾದವು ಪರಿಹಾರದೊಂದಿಗೆ ಕೆಲವು ವರ್ಷಗಳಲ್ಲಿ ಮುಗಿದವು. ಖನಿಜ ಮತ್ತು ಬೇಟೆಯಂಥ ಕೆಲವು ಹಕ್ಕುಗಳನ್ನು ಮಾತ್ರ ಕಾಯಿದೆ ಒಡೆಯನಿಗೆ ಉಳಿಸಿತು.

ಈ ಹಕ್ಕುಗಳು ಭೂನೋಂದಣಿಯಲ್ಲಿ ಕಾಣದಿದ್ದರೂ ಕೊಳ್ಳುವವರನ್ನು ಕಟ್ಟುತ್ತಿದ್ದವು. 2002ರ ಭೂನೋಂದಣಿ ಕಾಯಿದೆ ಅದನ್ನು ನಿಲ್ಲಿಸಿ, ನೋಂದಣಿಯಲ್ಲಿ ಕಾಣಿಸದ ಹಕ್ಕಿಗೆ 2013ರ ಅಕ್ಟೋಬರ್ 13ರಿಂದ ಆ ರಕ್ಷಣೆ ಇರದೆಂದಿತು. ಗಡುವಿನ ಮುನ್ನ ಒಡೆಯರು ದೊಡ್ಡ ಸಂಖ್ಯೆಯಲ್ಲಿ ಅರ್ಜಿ ಹಾಕಿದ್ದರಿಂದ ನಿಮ್ಮಂಥ ಅನೇಕ ಮನೆಗಳವರು ಬೆಚ್ಚಿದರು. ಸಂಸತ್ತಿನ ಸಮಿತಿಯೊಂದು ಆ ಕುರಿತು ವಿಚಾರಣೆಯನ್ನೂ ನಡೆಸಿತು. ಬೇರೆ ರೂಢಿ ಇಲ್ಲದಿದ್ದರೆ ಹಳೆಯ ನಿಯಮವೇ ಅನ್ವಯಿಸುತ್ತದೆ: ನೆಲದಡಿಯ ಖನಿಜ ಒಡೆಯನದಾದರೂ ಸ್ವಾಧೀನ ನಿಮ್ಮದು, ಆದ್ದರಿಂದ ನಿಮ್ಮ ಒಪ್ಪಿಗೆಯಿಲ್ಲದೆ ಅವನು ಅಗೆಯುವಂತಿಲ್ಲ, ಅವನ ಒಪ್ಪಿಗೆಯಿಲ್ಲದೆ ನೀವೂ ಖನಿಜ ತೆಗೆಯುವಂತಿಲ್ಲ. ಆಳವಾದ ತಳಮನೆ ಕಟ್ಟುವ ಯೋಚನೆಯಿದ್ದರೆ ಅಲ್ಲಿನ ವಕೀಲರನ್ನು ಮೊದಲೇ ಕೇಳಿ. ನಿಮ್ಮ ನೋಂದಣಿಯಲ್ಲಿನ ನಮೂದು ಏಕಪಕ್ಷೀಯವಾಗಿದ್ದರೆ, ಎಂದರೆ ಮನೆಯ ಮಾಲೀಕರ ಒಪ್ಪಿಗೆಯಿಲ್ಲದೆ ಹಕ್ಕು ಹೇಳುವವರೇ ಹಾಕಿಸಿದ್ದಾದರೆ, ಹಕ್ಕಿನ ಆಧಾರವನ್ನು ತೋರಿಸುವಂತೆ ಕೇಳಲೂ ನಿಮಗೆ ಅವಕಾಶವಿದೆ, ಮತ್ತು ಆ ಆಧಾರವನ್ನು ಅವರು ಹುಡುಕಬೇಕಾದದ್ದು ಕಡತಪ್ರಿಯ ಅವರು ಓದುತ್ತಿರುವಂಥ ದಾಖಲೆಗಳಲ್ಲೇ.

ಕಡತಪ್ರಿಯ (ಮೈಸೂರು)

ಎಲ್ಲರಿಗೂ ಕೃತಜ್ಞತೆಗಳು. ನನ್ನ ನಮೂದಿನಲ್ಲಿ ‘ಅವನ ವಾರಸುದಾರರಿಗೂ’ ಎಂಬ ಮಾತಿದೆ, ಹೆಂಡತಿಯ ಏಕಾಂತ ವಿಚಾರಣೆಯೂ ಇದೆ. ಅವಳ ತಂದೆಯನ್ನು ಹುಡುಕಲು ಹೊರಟಿದ್ದೇನೆ. ಕೊನೆಯ ಒಂದು ಸಂದೇಹ. ಕೊಂಡವನು ಪ್ರವೇಶ ಪಡೆದ ದಿನವೇ ಅದೇ ಜಮೀನನ್ನು ಇನ್ನೊಬ್ಬನ ಉಪಯೋಗಕ್ಕೆಂದು ಒಪ್ಪಿಸಿದ್ದಾನೆ, ಆದರೆ ಆ ಇನ್ನೊಬ್ಬನು ಎಂದೂ ಪ್ರವೇಶಕ್ಕೆ ಬಂದಿಲ್ಲ.

ಲೀಡ್ಸ್ ಕನ್ನಡತಿ

ಅದು ಅಡಮಾನವಾಗಿರುವ ಸಂಭವವೇ ಹೆಚ್ಚು. ಇಂಥ ದಿನ, ಇಷ್ಟು ಬಡ್ಡಿಯೊಂದಿಗೆ ಹಣ ಮರಳಿ ಕೊಟ್ಟರೆ ಈ ಒಪ್ಪಿಸುವಿಕೆ ರದ್ದು ಎಂಬ ಷರತ್ತು ಅದರ ಕೊನೆಯಲ್ಲಿದೆಯೇ ನೋಡಿ. ಸಾಲ ಕೊಟ್ಟವನು ಪ್ರವೇಶ ಪಡೆದರೆ ಅವನೇ ಶುಲ್ಕ ತೆರಬೇಕಾಗಿದ್ದರಿಂದ, ಸಾಲಗಾರ ತಪ್ಪುವವರೆಗೆ ಯಾರೂ ಆ ಖರ್ಚಿಗೆ ಹೋಗುತ್ತಿರಲಿಲ್ಲ. ಸಾಲ ತೀರಿದ್ದರೆ, ಹಣ ಪೂರ್ತಿ ಸಂದಿದೆ ಎಂದು ಸಾಲ ಕೊಟ್ಟವನು ಒಪ್ಪಿಕೊಂಡ ನಮೂದು ಮುಂದಿನ ಯಾವುದಾದರೂ ಸಭೆಯ ದಾಖಲೆಯಲ್ಲೋ, ಅದೇ ಪುಟದ ಅಂಚಿನಲ್ಲೋ ಸಿಗಬೇಕು. ಅಂಚಿನ ಬರಹವನ್ನು ನಕಲು ಮಾಡುವವರು ಎಷ್ಟೋ ಸಲ ಬಿಟ್ಟುಬಿಡುತ್ತಾರೆ, ಆದ್ದರಿಂದ ಮೂಲ ಪುಟದ ಛಾಯಾಚಿತ್ರವನ್ನೇ ಪತ್ರಾಗಾರದಿಂದ ತರಿಸಿಕೊಳ್ಳಿ.